ಶುಕ್ರವಾರದ ಮಂತ್ರದಂಡ ಚರ್ಚೆ: ಏಳನೇ ತರಗತಿಯ ಪೋಷಕರಿಗೆ

ಮಾನ್ಯ ಪೋಷಕರೇ,

ನಮಸ್ಕಾರ. ಕಳೆದ ವಾರ ಗ್ರಂಥಾಲಯದ ಅವಧಿಯಲ್ಲಿ ಇಬ್ಬರು ಹುಡುಗರ ನಡುವೆ ಮಾತಿಗೆ ಮಾತು ಬೆಳೆದು ಒಂದು ನೋಟ್‌ಬುಕ್ ಹರಿದದ್ದು ನಿಮ್ಮಲ್ಲಿ ಹೆಚ್ಚಿನವರಿಗೆ ತಿಳಿದಿದೆ. ಹರಿದ ಪುಟಗಳನ್ನು ಇಬ್ಬರೂ ಜೊತೆಗೆ ಕೂತು ಮತ್ತೆ ಬರೆದಿದ್ದಾರೆ. ಆ ವಿಷಯ ಅಲ್ಲಿಗೆ ಮುಗಿಯಿತು. ಆದರೆ ಅದರ ಬೆನ್ನಿಗೇ ಕೆಲವು ಪೋಷಕರು ನನ್ನನ್ನು ಕಂಡು, ಕಥೆಗಳಲ್ಲಿ ಬರುವ ಮಾಯಾವಸ್ತು ಯಾರದು, ಯಾಕೆ ಅವರದು ಎಂದು ಮಕ್ಕಳು ಶುಕ್ರವಾರ ನಡೆಸುವ ಈ ಮಾಯಾಮಂತ್ರದ ಚರ್ಚೆಯನ್ನೇ ನಿಲ್ಲಿಸಿಬಿಡಿ ಎಂದರು. ಈ ಪತ್ರ ಅದಕ್ಕೆ ಉತ್ತರ.

ಜಗಳ ಹತ್ತಿದ್ದು ಹ್ಯಾರಿ ಪಾಟರ್ ಕಥೆಯಲ್ಲಿ ಬರುವ ಎಲ್ಡರ್ ವಾಂಡ್ ಎಂಬ ಮಂತ್ರದಂಡದ ಬಗ್ಗೆ. ಒಡೆಯನನ್ನು ಸೋಲಿಸಿದವನಿಗೆ ಒಲಿಯುವ ದಂಡ ಅದು. ಒಬ್ಬ 2007ರಲ್ಲಿ ಬಂದ ಕೊನೆಯ ಪುಸ್ತಕ ಓದಿದ್ದ, ಇನ್ನೊಬ್ಬ 2011ರ ಸಿನಿಮಾ ನೋಡಿದ್ದ. ಸಿನಿಮಾದಲ್ಲಿ ಹ್ಯಾರಿ ಅದನ್ನು ಎರಡು ತುಂಡು ಮಾಡಿ ಎಸೆಯುತ್ತಾನೆ. ಪುಸ್ತಕದಲ್ಲಿ ಮುರಿಯುವುದಿಲ್ಲ, ಅದರಿಂದ ತನ್ನ ಹಳೆಯ ದಂಡವನ್ನು ಸರಿಮಾಡಿಕೊಂಡು, ಇದನ್ನು ಬಂದ ಜಾಗಕ್ಕೇ ಸೇರಿಸುತ್ತೇನೆ ಎನ್ನುತ್ತಾನೆ. ಇಬ್ಬರೂ ಹೇಳಿದ್ದು ನಿಜವೇ ಆಗಿತ್ತು. ನೀನು ಸುಳ್ಳುಗಾರ ಎಂದು ಒಬ್ಬರಿಗೊಬ್ಬರು ಅಂದುಕೊಂಡರು, ಅಷ್ಟೇ.

ಒಬ್ಬ ತಾಯಿ ಹೇಳಿದ ಮಾತು ಮಾತ್ರ ನನ್ನನ್ನು ಬಹಳ ಕಾಡಿತು. ಅವರ ಮಗ ಮನೆಯಲ್ಲಿ ತಂಗಿಯ ಬಣ್ಣದ ಪೆನ್ಸಿಲ್ ಕಿತ್ತುಕೊಂಡು, "ಗೆದ್ದವನಿಗೇ ದಂಡ" ಎಂದನಂತೆ. ಶಾಲೆಯಲ್ಲಿ ಇದನ್ನೇ ಕಲಿಸುತ್ತೀರಾ ಮೇಡಂ ಎಂದು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ತಕ್ಷಣ ಉತ್ತರ ಕೊಡಲು ನನಗೆ ಮನಸ್ಸಾಗಲಿಲ್ಲ. ಶುಕ್ರವಾರ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ.

ಕರಿಹಲಗೆಯ ತುಂಬ ಎಲ್ಡರ್ ವಾಂಡ್‌ನ ಒಡೆಯರ ಹೆಸರುಗಳು, ಹೆಸರಿನಿಂದ ಹೆಸರಿಗೆ ಬಾಣದ ಗುರುತು. ದಂಡ ತಯಾರಿಸುವ ಗ್ರೆಗೊರೊವಿಚ್‌ನ ಬಳಿಯಿದ್ದದ್ದನ್ನು ಗ್ರಿಂಡೆಲ್‌ವಾಲ್ಡ್ ಎಂಬ ಮಾಂತ್ರಿಕ ಕದ್ದ. ಅವನನ್ನು ಹ್ಯಾರಿಯ ಶಾಲೆಯ ಮುಖ್ಯಸ್ಥ ಡಂಬಲ್‌ಡೋರ್ 1945ರಲ್ಲಿ ಸೋಲಿಸಿದರು. ಡಂಬಲ್‌ಡೋರ್ ಕೈಯಿಂದ ದಂಡ ಹಾರಿಸಿದವನು ಹ್ಯಾರಿಯ ಸಹಪಾಠಿ ಡ್ರೇಕೋ. ಮುಂದೆ ಡ್ರೇಕೋ ಕೈಯಲ್ಲಿದ್ದ ಬೇರೆಯೇ ದಂಡವನ್ನು ಕಿತ್ತುಕೊಂಡವನು ಹ್ಯಾರಿ. ಆ ಬಾಣದ ಕೆಳಗೆ ಯಾರೋ ದಪ್ಪ ಅಕ್ಷರದಲ್ಲಿ ಬರೆದಿದ್ದರು: "ಡ್ರೇಕೋ ಎಲ್ಡರ್ ವಾಂಡನ್ನು ಮುಟ್ಟಿಯೇ ಇಲ್ಲ!" ಡಂಬಲ್‌ಡೋರ್ ಸಮಾಧಿಯೊಳಗೆ ಇದ್ದ ದಂಡಕ್ಕೆ, ಇನ್ನೆಲ್ಲೋ ನಡೆದ ಕಿತ್ತಾಟದಿಂದ ಒಡೆಯ ಬದಲಾದದ್ದು ಹೇಗೆ ಎಂದು ಒಬ್ಬ ಹುಡುಗಿ ಕೇಳಿದಳು. ಸೋತದ್ದು ಮನುಷ್ಯ, ದಂಡ ಅದನ್ನು ಲೆಕ್ಕ ಇಟ್ಟುಕೊಳ್ಳುತ್ತದೆ ಎಂದ ಇನ್ನೊಬ್ಬ. ಹಾಗಾದರೆ ಮುಂದೆ ಯಾರಾದರೂ ಅಭ್ಯಾಸದ ಪಂದ್ಯದಲ್ಲಿ ಹ್ಯಾರಿಯ ಕೈಯಿಂದ ಬೇರೊಂದು ದಂಡ ಹಾರಿಸಿದರೆ? ತರಗತಿ ಗಪ್‌ಚಿಪ್ ಆಯಿತು. ಅಷ್ಟರಲ್ಲಿ ಮೂಲೆಯಿಂದ ಒಂದು ದನಿ: ಹ್ಯಾರಿಯ ವೈರಿ ವೋಲ್ಡೆಮಾರ್ಟ್ ಆ ಸಮಾಧಿ ಒಡೆದು ಅದನ್ನು ಕೈಯಲ್ಲೇ ಹಿಡಿದುಕೊಂಡಿದ್ದ, ಅದಕ್ಕಾಗಿ ಕೊಲೆಯನ್ನೂ ಮಾಡಿದ, ಆದರೂ ಅದು ಅವನದಾಗಲಿಲ್ಲವಲ್ಲ.

ಪೆನ್ಸಿಲ್ ಕಿತ್ತುಕೊಂಡ ಹುಡುಗ ಅಲ್ಲೇ ಇದ್ದ. ಅವನು ಏನೂ ಹೇಳಲಿಲ್ಲ, ನಾನೂ ಕೆದಕಲಿಲ್ಲ.

ಮಾತು ಅಲ್ಲಿಂದ ಟೋಲ್ಕಿನ್ ಅವರ ಕಥೆಗಳ ಮಾಯಾ ಉಂಗುರಕ್ಕೆ ಹೊರಳಿತು. ಮುಂದೆ ಗೊಲ್ಲಮ್ ಎನಿಸಿಕೊಂಡ ಸ್ಮೀಗಲ್ ಗೆಳೆಯನನ್ನೇ ಕೊಂದು ಉಂಗುರ ತೆಗೆದುಕೊಂಡ, ಆಮೇಲೆ ಅದು ತನ್ನ ಹುಟ್ಟುಹಬ್ಬದ ಉಡುಗೊರೆ ಎಂದ. ಅದೇ ಉಂಗುರ ‘ದಿ ಹಾಬಿಟ್’ ಪುಸ್ತಕದ ನಾಯಕ ಬಿಲ್ಬೋಗೆ ಕತ್ತಲಲ್ಲಿ ನೆಲದ ಮೇಲೆ ಸಿಕ್ಕಿತು, ಅವನೂ ಉಡುಗೊರೆ ಎಂದೇ ಹೇಳಿಕೊಂಡ. ಆ ಪುಸ್ತಕದ 1937ರ ಮೊದಲ ಮುದ್ರಣದಲ್ಲಿ ಒಗಟಿನ ಪಂದ್ಯ ಗೆದ್ದರೆ ಉಂಗುರ ಕೊಡಲು ಗೊಲ್ಲಮ್ ಒಪ್ಪಿಯೇ ಇದ್ದನೆಂದೂ, 1951ರ ಆವೃತ್ತಿಯಲ್ಲಿ ಲೇಖಕರು ಅದನ್ನು ಬದಲಿಸಿದರೆಂದೂ ಗ್ರಂಥಾಲಯದ ಮೇಡಂ ತಿಳಿಸಿದರು. ಆಗ ಮಕ್ಕಳೇ ಹೇಳಿದರು: ನ್ಯಾಯವಾಗಿ ಬಂದ ವಸ್ತುವಾಗಿದ್ದರೆ ಉಡುಗೊರೆ ಎಂದು ಸುಳ್ಳು ಹೇಳುವ ಅಗತ್ಯವೇ ಇರಲಿಲ್ಲ. ಈ ಮಾತು ನಮ್ಮ ನೀತಿಪಾಠದ ಪುಸ್ತಕದಲ್ಲಿಲ್ಲ. ಅದನ್ನು ಹೇಳಿಕೊಡಲು ನಾನು ಎಷ್ಟೋ ವರ್ಷಗಳಿಂದ ಒದ್ದಾಡಿದ್ದೇನೆ.

ಅಶ್ವತ್ಥಾಮನ ಹೆಸರು ಬಂದದ್ದಕ್ಕೂ ಒಬ್ಬರು ಬೇಸರಪಟ್ಟಿದ್ದಾರೆ. ಅರ್ಜುನ ಅಸ್ತ್ರವನ್ನು ಬಿಡಲೂ ಬಲ್ಲ, ಹಿಂತೆಗೆಯಲೂ ಬಲ್ಲ. ಅಶ್ವತ್ಥಾಮನಿಗೆ ಬಿಡಲು ಮಾತ್ರ ಬಂತು. ಹಿಂತೆಗೆಯಲು ಬಾರದವನಿಗೆ ಅದು ಅವನದು ಎನ್ನಬಹುದೇ ಎಂದು ಒಂದು ಮಗು ಕೇಳಿತು. ಅದರಲ್ಲಿ ಅಗೌರವ ನನಗೆ ಕಾಣಲಿಲ್ಲ. ಮಕ್ಕಳು ಮಾಯಾಮಂತ್ರವನ್ನು ನಿಜವೆಂದು ನಂಬಿಬಿಡುತ್ತಾರೆ ಎಂಬ ಭಯವೂ ಬೇಡ, ಅವರಿಗೆ ಕಥೆ ಯಾವುದು ಎಂದು ಚೆನ್ನಾಗಿ ಗೊತ್ತು.

ಹಾಗಾಗಿ, ದಯವಿಟ್ಟು ಬೇಸರಿಸಬೇಡಿ, ಚರ್ಚೆಯನ್ನು ನಿಲ್ಲಿಸುವುದಿಲ್ಲ. ಪಾಠ ಹಿಂದೆ ಬೀಳುತ್ತದೆ ಎಂಬ ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ, ಆದ್ದರಿಂದ ಶುಕ್ರವಾರದ ಕೊನೆಯ ಅವಧಿ ಬಿಟ್ಟು ಬೇರೆಲ್ಲೂ ಇದಕ್ಕೆ ಅವಕಾಶವಿಲ್ಲ. ಇನ್ನು ಮುಂದೆ ಮಾತಾಡುವವರು ಪುಟ ತೆರೆದು ತೋರಿಸಬೇಕು, ಸಿನಿಮಾದ್ದಾದರೆ ಸಿನಿಮಾದ್ದು ಎಂದು ಮೊದಲೇ ಹೇಳಬೇಕು. ಕೈ ಮಾಡಿದವರು ಎರಡು ವಾರ ಹೊರಗೆ. ಗೆದ್ದವರು ಯಾರೆಂದು ಕೊನೆಯಲ್ಲಿ ಘೋಷಿಸುವುದೂ ಇಲ್ಲ, ಆ ತಾಯಿಯ ಮಾತು ಕೇಳಿದ ಮೇಲೆ ಮಾಡಿದ ಬದಲಾವಣೆ ಇದು. ಇಷ್ಟೆಲ್ಲ ಬಿಗಿ ಮಾಡಿದ ಮೇಲೂ ನಿಲ್ಲಿಸಿ ಎಂದರೆ, ಇಲ್ಲ, ನಿಲ್ಲಿಸಲಾರೆ. ಇದಕ್ಕಾಗಿ ಗ್ರಂಥಾಲಯದ ಮೇಡಂ ಅವರನ್ನು ಯಾರೂ ದೂರಬೇಡಿ, ಅನುಮತಿ ಕೊಟ್ಟವಳು ನಾನು. ವಸ್ತು ಯಾರದು, ಯಾಕೆ ಅವರದು ಎಂದು ಹನ್ನೆರಡು ವರ್ಷದ ಮಕ್ಕಳು ಪುಟ ತಿರುವಿ ವಾದಿಸುವಾಗ ಬಾಯಿ ಮುಚ್ಚಿಸುವುದು ನನ್ನಿಂದಾಗದು.

ಮನೆಯಲ್ಲಿ ಆ ಪುಸ್ತಕಗಳಿದ್ದರೆ ಬೀರುವಿನಲ್ಲಿಟ್ಟು ಬೀಗ ಹಾಕಬೇಡಿ, ಶುಕ್ರವಾರ ಮಕ್ಕಳ ಕೈಯಲ್ಲಿ ಕಳುಹಿಸಿಕೊಡಿ.

ಒಮ್ಮೆ ಬಂದು ನೋಡಬೇಕೆನಿಸಿದವರು ಹಿಂದಿನ ದಿನ ಆಫೀಸಿನಲ್ಲಿ ಹೆಸರು ಬರೆಸಿ. ಹಿಂದಿನ ಬೆಂಚಿನಲ್ಲಿ ನನ್ನ ಪಕ್ಕ ಇನ್ನೂ ಮೂವರಿಗೆ ಜಾಗವಿದೆ.

ಇಂತಿ,
ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ