ನೋವಿನ ಮಾತ್ರೆಗೆ ಹಳೆಯ ಚೀಟಿ ಸಾಲದು

ಮಾನ್ಯ ಸಂಪಾದಕರೇ,

ರಾಜ್ಯದ ಒಂದಲ್ಲ ಒಂದು ಊರಿನಲ್ಲಿ ಪೊಲೀಸರು ಟಪೆಂಟಡಾಲ್ ಎಂಬ ನೋವಿನ ಮಾತ್ರೆಗಳನ್ನು ವಶಪಡಿಸಿಕೊಂಡ ಸುದ್ದಿ ಈಚಿನ ವರ್ಷಗಳಲ್ಲಿ ಪತ್ರಿಕೆಗಳಲ್ಲಿ ಆಗಾಗ ಬರುತ್ತಿದೆ. ಮೇಜಿನ ಮೇಲೆ ಜೋಡಿಸಿಟ್ಟ ಸ್ಟ್ರಿಪ್‌ಗಳು, ಅದರ ಹಿಂದೆ ಸಾಲಾಗಿ ನಿಂತ ಸಿಬ್ಬಂದಿ, ಬಂಧಿತರ ಸಂಖ್ಯೆ, ಇಷ್ಟಕ್ಕೆ ಸುದ್ದಿ ಮುಗಿಯುತ್ತದೆ. ಆ ಮಾತ್ರೆ ದೇಹದೊಳಗೆ ಏನು ಮಾಡುತ್ತದೆ, ಅದೇ ಗುಂಪಿನ ಇನ್ನೊಂದು ಮಾತ್ರೆ ನಮ್ಮ ಮನೆಯ ಔಷಧಿ ಡಬ್ಬಿಯಲ್ಲೇ ಇರಬಹುದಲ್ಲವೇ ಎಂಬ ಮಾತುಗಳಿಗೆ ಅಲ್ಲಿ ಜಾಗವಿರುವುದಿಲ್ಲ. ಸುಮಾರು ಮೂವತ್ತು ವರ್ಷ ಮೆಡಿಕಲ್ ಶಾಪಿನ ಕೌಂಟರಿನ ಒಳಬದಿಯಲ್ಲಿ ನಿಂತು ಇಂತಹ ಮಾತ್ರೆಗಳನ್ನು ಎಣಿಸಿ ಕೊಟ್ಟವನಾಗಿ ಈ ಪತ್ರ ಬರೆಯುತ್ತಿದ್ದೇನೆ.

ಗಿರಾಕಿಗಳಿಗೆ ಎಲ್ಲವೂ ‘ಪೇನ್ ಕಿಲ್ಲರ್’. ಆದರೆ ಪ್ಯಾರಾಸಿಟಮಾಲ್, ಡೈಕ್ಲೊಫೆನಾಕ್‌ಗಳ ಜಾತಿಯೇ ಬೇರೆ, ಟ್ರಮಡಾಲ್, ಟಪೆಂಟಡಾಲ್, ಕೊಡೀನ್, ಮಾರ್ಫಿನ್‌ಗಳ ಜಾತಿಯೇ ಬೇರೆ. ಎರಡನೆಯ ಗುಂಪಿನವು ಒಪಿಯಾಯ್ಡ್‌ಗಳು, ಅಂದರೆ ಅಫೀಮು ಕೆಲಸ ಮಾಡುವ ದಾರಿಯಲ್ಲೇ ಕೆಲಸ ಮಾಡುವ ಔಷಧಗಳು. ಅವು ಮಿದುಳು ಮತ್ತು ಬೆನ್ನುಹುರಿಯಲ್ಲಿ ನೋವಿನ ಸಂದೇಶವನ್ನು ತಡೆಯುತ್ತವೆ. ಹಾಗೆ ತಡೆಯುವಾಗಲೇ ಮನಸ್ಸಿಗೆ ಹಿತವೆನಿಸುವ ಭಾಗವನ್ನೂ ತಟ್ಟುತ್ತವೆ, ಉಸಿರಾಟವನ್ನು ನಡೆಸುವ ಭಾಗವನ್ನೂ ನಿಧಾನಗೊಳಿಸುತ್ತವೆ. ಹಿತದ ಬೆನ್ನು ಹತ್ತಿದವನಿಗೆ ದಿನ ಕಳೆದಂತೆ ಅದೇ ಹಿತಕ್ಕೆ ಹೆಚ್ಚು ಮಾತ್ರೆ ಬೇಕಾಗುತ್ತದೆ, ಆದರೆ ಉಸಿರಾಟದ ಕೇಂದ್ರವು ಅದೇ ವೇಗದಲ್ಲಿ ಒಗ್ಗಿಕೊಳ್ಳುವುದಿಲ್ಲ. ಅಪಾಯ ಇರುವುದೇ ಈ ಅಂತರದಲ್ಲಿ.

ವ್ಯಸನವೆಂದರೆ ಪೋಲಿ ಹುಡುಗರ ಸಮಸ್ಯೆ ಎಂದು ತಿಳಿಯುವವರಿಗಾಗಿ ಒಬ್ಬ ಲಾರಿ ಚಾಲಕರ ವಿಷಯ ಹೇಳುತ್ತೇನೆ. ಸೊಂಟದ ನೋವಿಗೆ ವೈದ್ಯರು ಅವರಿಗೆ ಹತ್ತು ದಿನಕ್ಕೆಂದು ಟ್ರಮಡಾಲ್ ಬೆರೆತ ಮಾತ್ರೆ ಬರೆದುಕೊಟ್ಟಿದ್ದರು. ಚೀಟಿಯನ್ನು ನಾಲ್ಕಾಗಿ ಮಡಚಿ ಜೇಬಿನಲ್ಲಿಟ್ಟುಕೊಂಡು ಅವರು ಎರಡು ವರ್ಷ ಮಾತ್ರೆ ಕೊಂಡರು, ನಮ್ಮಲ್ಲಿ ಒಮ್ಮೆ, ದಾರಿಯಲ್ಲಿ ಸಿಕ್ಕ ಊರಿನಲ್ಲಿ ಇನ್ನೊಮ್ಮೆ. ‘ಒಂದು ದಿನ ಬಿಟ್ಟರೆ ಮೈಯೆಲ್ಲ ಮುರಿದ ಹಾಗಾಗುತ್ತದೆ, ಕಾಲು ಒಂದು ಕಡೆ ನಿಲ್ಲುವುದಿಲ್ಲ, ಮೂಗು ಕಣ್ಣಿನಲ್ಲಿ ನೀರು, ನಿದ್ದೆಯಿಲ್ಲ, ನನ್ನ ನೋವು ಇನ್ನೂ ವಾಸಿಯಾಗಿಲ್ಲ ನೋಡಿ ಸಾರ್’ ಎನ್ನುತ್ತಿದ್ದರು. ಅದು ಸೊಂಟದ ನೋವಾಗಿರಲಿಲ್ಲ, ಮಾತ್ರೆ ತಪ್ಪಿದ ದಿನ ದೇಹ ಮಾಡುತ್ತಿದ್ದ ರಗಳೆಯಾಗಿತ್ತು. ಹಳೆಯ ಕಾಯಿಲೆಯೇ ಮರುಕಳಿಸಿತೆಂದು ನಂಬಿ ಅವರು ಮತ್ತೆ ಮಾತ್ರೆ ನುಂಗುತ್ತಿದ್ದರು, ಮೈ ಹಗುರಾದ ಕೂಡಲೇ ಆ ನಂಬಿಕೆ ಇನ್ನಷ್ಟು ಗಟ್ಟಿಯಾಗುತ್ತಿತ್ತು. ದೀರ್ಘಕಾಲ ಒಪಿಯಾಯ್ಡ್ ತೆಗೆದುಕೊಂಡವರಲ್ಲಿ ಕೆಲವರಿಗೆ ನೋವಿನ ಸಂವೇದನೆಯೇ ಹೆಚ್ಚುವುದುಂಟು ಎಂಬುದು ವೈದ್ಯರಿಗೆ ಗೊತ್ತಿದೆ. ಚೀಟಿ ಹಿಡಿದು ನಿಂತವರಿಗೆ ಅದನ್ನು ಹೇಳುವವರು ಮಾತ್ರ ಕಡಿಮೆ.

ಇನ್ನೊಂದು ಲೆಕ್ಕವನ್ನು ಓದುಗರು ಗಮನಿಸಬೇಕು. ಸಾಮಾನ್ಯವಾಗಿ ಮಾರಾಟವಾಗುವ ಜೋಡಿ ಮಾತ್ರೆಯೊಂದರಲ್ಲಿ 37.5 ಮಿಲಿಗ್ರಾಂ ಟ್ರಮಡಾಲ್ ಜೊತೆಗೆ 325 ಮಿಲಿಗ್ರಾಂ ಪ್ಯಾರಾಸಿಟಮಾಲ್ ಇರುತ್ತದೆ. ಚಟಕ್ಕೆ ಬಿದ್ದವರು ದಿನಕ್ಕೆ ಇಪ್ಪತ್ತು ಮಾತ್ರೆ ನುಂಗಿದರೆ ಟ್ರಮಡಾಲ್ 750 ಮಿಲಿಗ್ರಾಂ ಆಗುತ್ತದೆ, ಗರಿಷ್ಠ ದಿನಮಿತಿಯಾದ 400 ಮಿಲಿಗ್ರಾಮನ್ನು ಬಹಳ ದೂರ ದಾಟಿದ ಆ ಪ್ರಮಾಣದಲ್ಲಿ ಫಿಟ್ಸ್ ಬರುವ ಸಂಭವ ಹೆಚ್ಚು. ಅವರ ಗಮನಕ್ಕೇ ಬಾರದೆ ಹೊಟ್ಟೆ ಸೇರುವ ಪ್ಯಾರಾಸಿಟಮಾಲ್ ಆರೂವರೆ ಗ್ರಾಂ. ವಯಸ್ಕರಿಗೆ ದಿನಕ್ಕೆ ನಾಲ್ಕು ಗ್ರಾಂ ಮೀರಬಾರದೆಂಬ ಔಷಧ ಅದು, ಮೀರಿದರೆ ಕೆಡುವುದು ಯಕೃತ್ತು. ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿರುವವರು ವೈದ್ಯರಿಗೆ ತಿಳಿಸದೆ ಟ್ರಮಡಾಲ್ ಸೇರಿಸಿಕೊಂಡರೆ ಜ್ವರ, ನಡುಕ, ಗೊಂದಲಗಳ ಗಂಭೀರ ಸ್ಥಿತಿ ತಲೆದೋರಬಹುದು. ಮದ್ಯದ ಜೊತೆಗೋ ನಿದ್ರೆಗೆಂದು ನುಂಗುವ ಅಲ್ಪ್ರಜೋಲಂ ಜೊತೆಗೋ ಯಾವುದೇ ಒಪಿಯಾಯ್ಡ್ ಸೇರಿದರೆ ಉಸಿರು ನಿದ್ದೆಯಲ್ಲೇ ನಿಂತುಹೋಗಬಹುದು. ಅಂತಹವರ ಗೊರಕೆಯನ್ನು ಗಾಢನಿದ್ದೆಯೆಂದು ತಿಳಿದು ಮನೆಯವರು ಬಾಗಿಲು ಮುಂದೆ ಮಾಡಿಕೊಂಡು ಹೋಗುತ್ತಾರೆ. ಎಬ್ಬಿಸಿದರೂ ಎಚ್ಚರವಾಗದೆ, ತುಟಿ ನೀಲಿಯಾಗಿ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಚಿಕ್ಕದಾಗಿದ್ದರೆ ಕೂಡಲೇ 108ಕ್ಕೆ ಕರೆ ಮಾಡಬೇಕು. ನಲೊಕ್ಸೋನ್ ಎಂಬ ಪ್ರತಿಮದ್ದು ಆಸ್ಪತ್ರೆಯಲ್ಲಿದೆ, ಆದರೆ ಅದು ಕೆಲಸ ಮಾಡಬೇಕಾದರೆ ರೋಗಿ ಸಮಯಕ್ಕೆ ಅಲ್ಲಿಗೆ ತಲುಪಿರಬೇಕು.

ಮಾತ್ರೆಯನ್ನು ಪುಡಿಮಾಡಿ ನೀರಿನಲ್ಲಿ ಕರಗಿಸಿ ಚುಚ್ಚಿಕೊಳ್ಳುವ ಯುವಕರದ್ದು ಇದಕ್ಕಿಂತ ಘೋರವಾದ ಪಾಡು. ನುಂಗಲೆಂದು ಮಾಡಿದ ಮಾತ್ರೆಯಲ್ಲಿ ಔಷಧವಲ್ಲದೆ ಟಾಲ್ಕ್ ಮೊದಲಾದ ಕರಗದ ಪದಾರ್ಥಗಳೂ ಇರುತ್ತವೆ. ಅವು ರಕ್ತದಲ್ಲಿ ಸಾಗಿ ಶ್ವಾಸಕೋಶದ ಸೂಕ್ಷ್ಮ ನಾಳಗಳಲ್ಲಿ ಸಿಕ್ಕಿಬೀಳುತ್ತವೆ, ಸೂಜಿ ಅಭಿಧಮನಿ ತಪ್ಪಿ ಅಪಧಮನಿಗೆ ಹೋದರೆ ಕೈಬೆರಳು ಕೊಳೆಯುವವರೆಗೂ ಹೋಗಬಹುದು. ಸೂಜಿ ಹಂಚಿಕೊಂಡವರಿಗೆ ಹೆಪಟೈಟಿಸ್ ಸಿ, ಎಚ್‌ಐವಿ, ಹೃದಯದ ಕವಾಟಕ್ಕೆ ಸೋಂಕು.

ಇದು ಎಲ್ಲೋ ಅಮೆರಿಕದ ಸಂಗತಿಯಲ್ಲ. 2019ರಲ್ಲಿ ಪ್ರಕಟವಾದ ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ಸಮೀಕ್ಷೆಯನ್ನು ದೆಹಲಿಯ ಏಮ್ಸ್ ನಡೆಸಿಕೊಟ್ಟಿತ್ತು. ಅದರ ಪ್ರಕಾರ ದೇಶದ 10ರಿಂದ 75 ವರ್ಷದವರಲ್ಲಿ ಅಫೀಮು ಬಳಸುವವರು ಶೇ 0.52ರಷ್ಟಿದ್ದರೆ, ಔಷಧದ ರೂಪದ ಒಪಿಯಾಯ್ಡ್ ಬಳಸುವವರು ಶೇ 0.96ರಷ್ಟಿದ್ದರು. ಹೊಲದಲ್ಲಿ ಬೆಳೆಯುವ ಅಫೀಮಿಗಿಂತ ಕಾರ್ಖಾನೆಯ ಮಾತ್ರೆ ಮುಂದೆ ಹೋಗಿ ಆಗಲೇ ಕೆಲವು ವರ್ಷಗಳಾಗಿವೆ. 2018ರ ಏಪ್ರಿಲ್‌ನಲ್ಲಿ ಟ್ರಮಡಾಲನ್ನು ಮಾದಕ ವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆಯ ವ್ಯಾಪ್ತಿಗೆ ತಂದ ಮೇಲೆ ಅದರ ಓಡಾಟ ಬಿಗಿಯಾಯಿತು, ಚಟವಿದ್ದವರ ಕಣ್ಣು ಟಪೆಂಟಡಾಲ್ ಕಡೆಗೆ ಹೊರಳಿತು. 2025ರ ಫೆಬ್ರುವರಿಯಲ್ಲಿ ಟಪೆಂಟಡಾಲ್ ಮತ್ತು ಸ್ನಾಯು ಸಡಿಲಿಸುವ ಕ್ಯಾರಿಸೊಪ್ರೊಡಾಲ್ ಬೆರೆಸಿದ ಭಾರತದ ಮಾತ್ರೆಗಳು ಘಾನಾ, ನೈಜೀರಿಯಾ, ಐವರಿ ಕೋಸ್ಟ್‌ಗಳ ಬೀದಿಯಲ್ಲಿ ಮಾರಾಟವಾಗುತ್ತಿರುವುದನ್ನು ಬಿಬಿಸಿ ಬಯಲಿಗೆಳೆದ ಬಳಿಕವೇ ಕೇಂದ್ರವು ಆ ಮಿಶ್ರಣದ ತಯಾರಿಕೆ ಮತ್ತು ರಫ್ತಿನ ಅನುಮತಿಯನ್ನು ಹಿಂದಕ್ಕೆ ಪಡೆಯಿತು. ಒಂದು ಹೆಸರನ್ನು ಕಟ್ಟಿಹಾಕಿದರೆ ಮತ್ತೊಂದು ಹೆಸರು ಬರುತ್ತದೆ. ಆದ್ದರಿಂದ ಹೊಸ ನಿಷೇಧಕ್ಕೆ ಕೂಗುವ ಮೊದಲು ಕೈಯಲ್ಲಿರುವ ನಿಯಮವೊಂದನ್ನು ನೋಡೋಣ ಎಂಬುದು ನನ್ನ ಬಿನ್ನಹ.

1945ರ ಔಷಧ ನಿಯಮಗಳಲ್ಲಿ 65ನೆಯದು ಸ್ಪಷ್ಟವಾಗಿ ಹೇಳುತ್ತದೆ: ವೈದ್ಯರು ಮತ್ತೆ ಕೊಡಬಹುದೆಂದು ಬರೆಯದಿದ್ದರೆ ಇಂತಹ ಔಷಧದ ಚೀಟಿಯನ್ನು ಒಮ್ಮೆಗಿಂತ ಹೆಚ್ಚು ಸಲ ಬಳಸುವಂತಿಲ್ಲ, ಮತ್ತು ಔಷಧ ಕೊಟ್ಟ ಅಂಗಡಿಯವರು ಚೀಟಿಯಲ್ಲಿ ವೈದ್ಯರ ಸಹಿಯ ಮೇಲ್ಗಡೆ ತಮ್ಮ ಹೆಸರು, ವಿಳಾಸ, ದಿನಾಂಕ ನಮೂದಿಸಬೇಕು. ಲಾರಿ ಚಾಲಕರ ಚೀಟಿಯ ಮೇಲೆ ಮೊದಲ ದಿನವೇ ಒಂದು ಮುದ್ರೆ ಬಿದ್ದಿದ್ದರೆ ಎರಡನೆಯ ಅಂಗಡಿಯವರಿಗೆ ಕೇಳಲು ಒಂದು ಆಧಾರವಿರುತ್ತಿತ್ತು. ಆ ಮುದ್ರೆ ನನ್ನ ಅಂಗಡಿಯಲ್ಲೂ ಇತ್ತು, ಬಿಲ್ಲಿನ ಮೇಲೆ ಒತ್ತಲು. ಚೀಟಿಯ ಮೇಲೆ ಒತ್ತಿದ್ದು ಬೆರಳೆಣಿಕೆಯಷ್ಟು ಸಲ ಎಂದು ಒಪ್ಪಿಕೊಳ್ಳದೆ ಈ ಪತ್ರ ಬರೆದರೆ ಆತ್ಮವಂಚನೆಯಾದೀತು. ಒತ್ತಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆಂಬ ಭಯ ನನಗಿತ್ತು. 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ಎಚ್1 ಪಟ್ಟಿಯ (ಮಾರಾಟದ ಮೇಲೆ ಹೆಚ್ಚು ನಿಗಾ ಬೇಕಾದ) ಔಷಧಗಳಿಗೆ ವೈದ್ಯರ ಮತ್ತು ರೋಗಿಯ ಹೆಸರು ಬರೆದು ಮೂರು ವರ್ಷ ಕಾಪಾಡಬೇಕಾದ ಪ್ರತ್ಯೇಕ ರಿಜಿಸ್ಟರನ್ನು ಎಷ್ಟೋ ಅಂಗಡಿಗಳಲ್ಲಿ ಇನ್ಸ್‌ಪೆಕ್ಟರ್ ಬರುವ ಸುಳಿವು ಸಿಕ್ಕಾಗ ಕೂತು ತುಂಬಿಸುತ್ತಾರೆಂಬುದು ನಮ್ಮ ವೃತ್ತಿಯವರಿಗೆಲ್ಲ ಗೊತ್ತಿರುವ ಮಾತು. ಎಲ್ಲ ಅಂಗಡಿಗಳಿಗೂ ಒಂದೇ ಅಳತೆ ಇಟ್ಟು ಔಷಧ ನಿಯಂತ್ರಣ ಇಲಾಖೆಯು ಮೊದಲು ಈ ಮುದ್ರೆಯನ್ನು ತಪಾಸಣೆ ಮಾಡಲಿ. ವೈದ್ಯರೂ ‘ನೋವಿದ್ದಾಗ’ ಎಂದಷ್ಟೇ ಗೀಚದೆ ಎಷ್ಟು ದಿನಕ್ಕೆ, ಎಷ್ಟು ಮಾತ್ರೆ ಎಂದು ಅಕ್ಷರದಲ್ಲಿ ಬರೆಯಲಿ.

ಬಿಗಿ ಮಾಡುವ ಭರದಲ್ಲಿ ಕ್ಯಾನ್ಸರ್ ರೋಗಿಗಳ ಬಾಯಿಂದ ಮಾರ್ಫಿನ್ ಕಿತ್ತುಕೊಳ್ಳುವಂತಾಗಬಾರದು. 1985ರ ಎನ್‌ಡಿಪಿಎಸ್ ಕಾಯ್ದೆಯ ನಂತರ ಪರವಾನಗಿಗಳ ತೊಡಕಿಗೆ ಹೆದರಿ ಎಷ್ಟೋ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು, ಆ ತೊಡಕು ಸಡಿಲವಾಗಲು 2014ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಆ ನಡುವಿನ ವರ್ಷಗಳಲ್ಲಿ ನೋವಿನಲ್ಲೇ ಸತ್ತವರ ಮನೆಯವರಿಗೆ ಒಪಿಯಾಯ್ಡ್ ಎಂಬುದು ಕೆಟ್ಟ ಪದವಲ್ಲ.

ಈಗಾಗಲೇ ತಿಂಗಳುಗಟ್ಟಲೆ ಈ ಮಾತ್ರೆ ನುಂಗುತ್ತಿರುವವರು ಪತ್ರ ಓದಿ ಇವತ್ತೇ ಬಿಟ್ಟುಬಿಡಬಾರದು, ವೈದ್ಯರ ಮೇಲ್ವಿಚಾರಣೆಯಲ್ಲಿ ಹಂತಹಂತವಾಗಿ ಇಳಿಸಬೇಕು. ಕೆಲವು ವಾರ ಬಿಟ್ಟು ಮತ್ತೆ ಹಳೆಯ ಪ್ರಮಾಣಕ್ಕೇ ಮರಳಿದವರಲ್ಲಿ ಸಾವಿನ ಅಪಾಯ ಹೆಚ್ಚು, ಏಕೆಂದರೆ ದೇಹ ಅಷ್ಟರಲ್ಲಿ ಒಗ್ಗಿದ್ದನ್ನು ಮರೆತಿರುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ, ಬ್ಯೂಪ್ರಿನಾರ್ಫಿನ್‌ನಂತಹ ಔಷಧದಿಂದ ಚಟವನ್ನು ಹತೋಟಿಗೆ ತರುವ ಚಿಕಿತ್ಸೆಯೂ ಲಭ್ಯವಿದೆ. ವ್ಯಸನಮುಕ್ತಿಗೆ 14446, ಮಾನಸಿಕ ಆರೋಗ್ಯದ ಟೆಲಿ ಮನಸ್ ಸೇವೆಗೆ 14416 ಉಚಿತ ಸಂಖ್ಯೆಗಳಿವೆ. ಮುಂದಿನ ಸಲ ಮಾತ್ರೆ ವಶಪಡಿಸಿಕೊಂಡ ಸುದ್ದಿಯನ್ನು ತಾವು ಪ್ರಕಟಿಸುವಾಗ ಅದರ ಕೆಳಗೆ ಈ ಎರಡು ಸಂಖ್ಯೆಗಳಿಗೂ ಒಂದು ಸಾಲಿನ ಜಾಗ ಕೊಡಬೇಕೆಂದು ಕೋರುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಔಷಧ ವ್ಯಾಪಾರಿ, ದಾವಣಗೆರೆ