ಆ ಖಾಲಿ ಕುರ್ಚಿಯ ಪಕ್ಕದಲ್ಲಿ ನಾನಿದ್ದೆ

ಪುಟ್ಟಿ,

ನಿನ್ನ ಕಾಗದ ಬಂದು ನಾಲ್ಕು ದಿನವಾಯಿತು. ಮನೆಯ ಸುದ್ದಿಯೆಲ್ಲ ಅಮ್ಮ ಹೇಳಿರುತ್ತಾಳೆ, ಅದನ್ನು ಬಿಡುತ್ತೇನೆ. ನಿನ್ನ ಬ್ಯಾಂಡಿನಲ್ಲಿ ಗಿಟಾರ್ ನುಡಿಸುವ ಬಗ್ಗೆ ಕೊನೆಯಲ್ಲಿ ನೀನು ಬರೆದ ಒಂದು ಸಾಲು ನನಗೆ ನಿದ್ದೆ ಕೊಟ್ಟಿಲ್ಲ. ‘ಮಾವ, ನಾನು ಹೋಗದಿದ್ದರೂ ಬ್ಯಾಂಡ್ ನುಡಿಸುತ್ತೆ, ಯಾರಿಗೂ ಗೊತ್ತೇ ಆಗಲ್ಲ.’

ನಾನು ಬಾಸ್, ಅಂದರೆ ತಗ್ಗು ಸ್ವರದ ತಂತಿವಾದ್ಯ, ನುಡಿಸಿದ್ದು ಮೂರು ಜಾಝ್ ಬ್ಯಾಂಡುಗಳಲ್ಲಿ. ಈಗ ಮೂರೂ ಇಲ್ಲ. ಮೊದಲನೆಯದು ನಾಲ್ಕೇ ಜನರದ್ದು. ಪಿಯಾನೋದವನಿಗೆ ದೂರದಲ್ಲಿ ಕೆಲಸ ಸಿಕ್ಕಿತು, ಅಲ್ಲಿಗೆ ಮುಗಿಯಿತು. ಎರಡನೆಯದು ದೊಡ್ಡ ಬ್ಯಾಂಡ್. ಐದು ಸ್ಯಾಕ್ಸೊಫೋನ್, ನಾಲ್ಕು ಟ್ರಂಪೆಟ್, ನಾಲ್ಕು ಟ್ರಾಂಬೋನ್. ಹಿಂದೆ ನಾವು ನಾಲ್ವರು, ಪಿಯಾನೋ, ಬಾಸ್, ಡ್ರಮ್ಸ್, ಗಿಟಾರ್. 13 ಜನ ಊದುವಾಗ ಗಿಟಾರ್ ಎಲ್ಲಿ ಕೇಳಿಸಬೇಕು? ನಮ್ಮ ಗಿಟಾರಿನವನು ಆಂಪ್ಲಿಫೈಯರ್ ಕೂಡ ಹಾಕುತ್ತಿರಲಿಲ್ಲ. ಬಾರ್ ಅಂದರೆ ನಾಲ್ಕು ಏಟಿನ ಒಂದು ಆವರ್ತ, ಅದಕ್ಕೆ ನಾಲ್ಕು ಹೊಡೆತ, ಅಷ್ಟೇ. ಒಂದು ದಿನವೂ ತನಗೊಂದು ಸೋಲೋ, ಒಬ್ಬನೇ ಮುಂದೆ ಬಂದು ನುಡಿಸುವ ಅವಕಾಶ, ಬೇಕು ಅಂದವನಲ್ಲ.

ಒಂದು ಸಂಜೆ ಅವನು ಅಭ್ಯಾಸಕ್ಕೆ ಬರಲಿಲ್ಲ. ಮೊದಲ 32 ಬಾರ್, ಅಂದರೆ ಹಾಡಿನ ಮೊದಲ ಸುತ್ತು, ಏನೂ ಅನಿಸಲಿಲ್ಲ. ಎರಡನೇ ಸುತ್ತಿನಲ್ಲಿ ನನ್ನ ಕೈ ಓಡತೊಡಗಿತು. ಡ್ರಮ್ಮರ್ ನನ್ನನ್ನು ನೋಡಿದ, ನಾನು ಅವನನ್ನು. ನಾನು ಮುಂದೆ ಹೋದೆನೋ, ಅವನು ಹಿಂದೆ ಬಿದ್ದನೋ ತಿಳಿಯದು. ನನ್ನ ತಂತಿಗೂ ಅವನ ಸಿಂಬಲ್ ತಟ್ಟೆಗೂ ನಡುವೆ ಇದ್ದ ಅಂಟು ಬಿಟ್ಟುಹೋಗಿತ್ತು. ಮುಂದೆ ಕೂತಿದ್ದ ಸ್ಯಾಕ್ಸಿನವರೂ ತಿರುಗಿ ನೋಡಿದರು. ಮೂರು ಸಲ ನಿಲ್ಲಿಸಿ ಮತ್ತೆ ಶುರು ಮಾಡಿದೆವು.

ಗೊತ್ತಾಗಿತ್ತು ಪುಟ್ಟಿ. ಎಲ್ಲರಿಗೂ ಗೊತ್ತಾಗಿತ್ತು.

ಮುಂದಿನ ವಾರ ಗಿಟಾರಿನವನು ಬಂದ. ಜ್ವರ ಇತ್ತಂತೆ. ‘ಹೋದ ವಾರ ಹೇಗಾಯ್ತು?’ ಅಂತ ನನ್ನನ್ನೇ ಕೇಳಿದ. ‘ಚೆನ್ನಾಗೇ ಆಯ್ತು’ ಅಂದೆ. ಯಾಕೆ ಹಾಗಂದೆ? ಅವನಿಲ್ಲದೆ ನನ್ನ ಲಯ ತಪ್ಪಿತು ಅಂತ ಒಪ್ಪಿಕೊಳ್ಳಲು ಮನಸ್ಸಾಗಲಿಲ್ಲ. ಅವನು ತಲೆಯಾಡಿಸಿ ಶ್ರುತಿ ಮಾಡಿಕೊಳ್ಳತೊಡಗಿದ. ಆ ವರ್ಷವೇ ಅವನು ಬ್ಯಾಂಡ್ ಬಿಟ್ಟ. ನನ್ನ ಮಾತಿನಿಂದಲೇ ಬಿಟ್ಟ ಅಂತ ಹೇಳಲಾರೆ. ಆದರೆ ನಿನ್ನ ಸಾಲು ಓದಿದಾಗ ಅವನೇ ಬರೆದ ಹಾಗಿತ್ತು.

ಮೂರನೇ ಬ್ಯಾಂಡಿನಲ್ಲಿ ಗಿಟಾರ್ ಇರಲಿಲ್ಲ. ಅದರ ಬಗ್ಗೆ ಹೇಳುವಂಥದ್ದೂ ಏನಿಲ್ಲ.

ಅಮೆರಿಕದ ಜಾಝ್ ನಾಯಕ ಕೌಂಟ್ ಬೇಸಿಯ ಬ್ಯಾಂಡಿನಲ್ಲಿ ಗಿಟಾರ್ ನುಡಿಸಿದ ಫ್ರೆಡ್ಡಿ ಗ್ರೀನ್‌ನ ರೆಕಾರ್ಡ್ ಕೇಳು. 1937ರಲ್ಲಿ ಸೇರಿದವನು. 1984ರಲ್ಲಿ ಬೇಸಿ ತೀರಿಕೊಂಡ ಮೇಲೂ ಅಲ್ಲೇ ಇದ್ದ, 1987ರಲ್ಲಿ ತಾನು ಸಾಯುವವರೆಗೆ. ಸೋಲೋ ನುಡಿಸಿದ್ದು ತೀರಾ ಅಪರೂಪ. ರೆಕಾರ್ಡಿನಲ್ಲಿ ಅವನನ್ನು ಹುಡುಕಬೇಕಾಗುತ್ತದೆ. ಒಮ್ಮೆ ಕಿವಿಗೆ ಸಿಕ್ಕನೆಂದರೆ ಆಮೇಲೆ ಬಿಡುವುದಿಲ್ಲ.

ಉಪಾಯ ಕೇಳಿದ್ದೀಯ. ನಾನು ಗಿಟಾರಿನವನಲ್ಲ, ತಪ್ಪಿದ್ದರೆ ನಿನ್ನ ಗುರುಗಳನ್ನು ಕೇಳು. ಆರೂ ತಂತಿ ಮೀಟಬೇಡ, ಎರಡು ಮೂರು ಸಾಕು. ಕೆಳಗಿನ ಸ್ವರ ಬಾಸಿಗೆ ಬಿಡು. ಮೆಟ್ರೊನೋಮ್ ಎಂಬ ಲಯದ ಯಂತ್ರವನ್ನು ಎರಡು ಮತ್ತು ನಾಲ್ಕನೇ ಏಟಿಗೆ ಇಟ್ಟು ನುಡಿಸು, ಮೊದಲು ಬೇಜಾರಾಗುತ್ತದೆ. ಇದೆಲ್ಲ ನಿನಗೆ ಗೊತ್ತಿರಬಹುದು.

ಯಾರಿಗೂ ಗೊತ್ತಾಗಲ್ಲ ಅಂತ ಮಾತ್ರ ಇನ್ನೊಮ್ಮೆ ಬರೆಯಬೇಡ. ಕೇಳುವವರಿಗೆ ಗೊತ್ತಾಗದಿರಬಹುದು, ಅದು ನಿಜ. ಸುಮ್ನೆ ನಿನ್ನ ಸಮಾಧಾನಕ್ಕೆ ಅದು ಸುಳ್ಳು ಅನ್ನಲಾರೆ. ಆದರೆ ಬಾಸ್ ನುಡಿಸುವ ಹುಡುಗನಿಗೆ ಗೊತ್ತಿದೆ. ಅವನು ಹೇಳಿಲ್ಲ, ಅಷ್ಟೇ. ನಾನೂ ಹೇಳಿರಲಿಲ್ಲ ಅಲ್ವಾ.

ಮುಂದಿನ ಅಭ್ಯಾಸವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸು. ಫೋನನ್ನು ಟ್ರಂಪೆಟ್ಟುಗಳ ಮುಂದೆ ಇಡಬೇಡ. ನಿನ್ನ ಕುರ್ಚಿಯ ಕೆಳಗೆ ಇಡು.

ನಿನ್ನ ಮಾವ