ಅಜ್ಜಿ ಮತ್ತೆ ನಾಟಕಕ್ಕೆ ಹೋದದ್ದು ಯಾಕೆ?

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ಗೊಣಗುತ್ತಿದ್ದೆಯಲ್ಲ, ಸೌಂದರ್ಯಶಾಸ್ತ್ರದ ಪೇಪರ್ ಇಷ್ಟ, ತತ್ವಶಾಸ್ತ್ರದ ಇತಿಹಾಸ ಮಾತ್ರ ಬರೀ ಹಳೇ ಜಗಳ, ಬೋರು ಅಂತ. ಆಗ ಉತ್ತರ ಹೊಳೆಯಲಿಲ್ಲ.

ನಿನ್ನ ಅಜ್ಜಿ ಊರಿಗೆ ಹರಿಶ್ಚಂದ್ರ ನಾಟಕ ಬಂದಾಗಲೆಲ್ಲ ಹೋಗುತ್ತಿದ್ದಳು. ಸತ್ತ ಲೋಹಿತಾಶ್ವನನ್ನು ಚಂದ್ರಮತಿ ಮಸಣಕ್ಕೆ ಹೊತ್ತು ತಂದಳೆಂದರೆ ಸಾಕು, ಸೆರಗಿನಲ್ಲಿ ಮೂಗು ಒರೆಸಿಕೊಳ್ಳಲು ಶುರು. ಮಡಿಲಲ್ಲಿದ್ದ ಕಡ್ಲೆಪುರಿಯನ್ನು ನಾನು ಮೆಲ್ಲಗೆ ಖಾಲಿ ಮಾಡಿದ್ದೂ ಗೊತ್ತಾಗುತ್ತಿರಲಿಲ್ಲ. ಬೆಳಿಗ್ಗೆ ‘ಚೆನ್ನಾಗಿತ್ತು ಕಣೋ’ ಅನ್ನುತ್ತಿದ್ದಳು. ನಮ್ಮ ಕರು ಸತ್ತಾಗಲೂ ಅತ್ತಳು. ಆಮೇಲೆ ಎರಡು ದಿನ ಕೊಟ್ಟಿಗೆ ಕಡೆ ತಲೆ ಹಾಕಲಿಲ್ಲ. ಎರಡೂ ಅಳುವೇ, ಅಲ್ವಾ?

ಇದನ್ನೇ ಹಿಡಿದು ಕೂತವರು ಮೈಸೂರಿನ ಎಂ. ಹಿರಿಯಣ್ಣ. ಮಹಾರಾಜ ಕಾಲೇಜಿನಲ್ಲಿ ಸಂಸ್ಕೃತದ ಪ್ರೊಫೆಸರ್, ಹುಡುಕಾಟವೆಲ್ಲ ತತ್ವಶಾಸ್ತ್ರದಲ್ಲಿ. 1919ರಲ್ಲಿ ಪುಣೆಯ ಮೊದಲ ಓರಿಯೆಂಟಲ್ ಕಾನ್ಫರೆನ್ಸಿಗೆ ಭಾರತೀಯ ಸೌಂದರ್ಯಶಾಸ್ತ್ರದ ಮೇಲೆ ಪ್ರಬಂಧ ಬರೆದರು. ಅಂಥ ಬರಹಗಳು ‘ಆರ್ಟ್ ಎಕ್ಸ್‌ಪೀರಿಯನ್ಸ್’ ಅನ್ನುವ ಪುಸ್ತಕವಾದದ್ದು 1954ರಲ್ಲಿ, ಅವರು ತೀರಿಕೊಂಡು ನಾಲ್ಕು ವರ್ಷದ ಮೇಲೆ. ತೆಳ್ಳಗಿನ ಪುಸ್ತಕ. ಆದರೆ ಒಂದೊಂದು ಪುಟವನ್ನೂ ನಾನು ಎರಡೆರಡು ಸಲ ಓದಬೇಕಾಯಿತು.

ಕರು ಅಜ್ಜಿಯದು. ಲೋಹಿತಾಶ್ವ ಅಜ್ಜಿಯವನೂ ಅಲ್ಲ, ಪಕ್ಕದ ಮನೆಯವರವನೂ ಅಲ್ಲ. ನಾಟಕದ ಮುಂದೆ ‘ನನ್ನದು’ ಅನ್ನುವುದು ಕಳಚಿಬೀಳುತ್ತದೆ. ಇಷ್ಟನ್ನು ಕಾವ್ಯ, ನಾಟಕಗಳ ರಸದ ಬಗ್ಗೆ ಬರೆದ ಭಟ್ಟನಾಯಕ, ಅಭಿನವಗುಪ್ತರು ಹೆಚ್ಚುಕಡಿಮೆ ಸಾವಿರ ವರ್ಷದ ಹಿಂದೆಯೇ ಹೇಳಿದ್ದರು. ಹಿರಿಯಣ್ಣನವರು ಇನ್ನೂ ಹಿಂದಕ್ಕೆ ಹೋದರು. ಹಾಗೆ ಕಳಚಿದಾಗ ಸಿಗುವ ಸುಖ ಬರುವುದೆಲ್ಲಿಂದ? ವೇದಾಂತಿಯನ್ನು ಕೇಳು: ಆನಂದ ಇದ್ದೇ ಇದೆ, ಕಲೆ ಪರದೆ ಸರಿಸುತ್ತದೆ ಅಷ್ಟೆ ಅನ್ನುತ್ತಾನೆ. ಇನ್ನೊಂದು ಹಳೇ ದರ್ಶನವಾದ ಸಾಂಖ್ಯದವನಿಗೆ ಲೋಕವೇ ಸುಖ, ದುಃಖ, ಮೋಹಗಳ ಬೆರಕೆ. ಕಲೆ ಅದರಿಂದ ಸ್ವಲ್ಪ ಹೊತ್ತು ತಪ್ಪಿಸಿಕೊಳ್ಳುವ ದಾರಿ. ಅಂದರೆ ಆ ರಾತ್ರಿ ಅಜ್ಜಿ ತನ್ನ ಮನೆಗೆ ಬಂದಳೋ, ಮನೆ ಬಿಟ್ಟು ಓಡಿದಳೋ? ನೀನು ಬೋರು ಅಂದ ಹಳೇ ಜಗಳ ಇದೇ ಕಣೇ.

ಓಡಿದಳು ಅಂತ ನನ್ನ ಲೆಕ್ಕ. ಏಳು ಜನರ ಅಡುಗೆ ಅವಳ ತಲೆ ಮೇಲಿತ್ತು. ನಿಮ್ಮಮ್ಮ ಸುತಾರಾಂ ಒಪ್ಪಲ್ಲ. ಯಾವುದೇ ಆಗಲಿ, ಪರದೆ ಬಿದ್ದ ಮೇಲೆ ಅದು ಉಳಿಯುವುದಿಲ್ಲ. ಮೋಕ್ಷಕ್ಕೂ ಕಲೆಗೂ ಹಿರಿಯಣ್ಣನವರು ಕಾಣುವ ವ್ಯತ್ಯಾಸ ಅದು. ಬಹುಶಃ ಅದಕ್ಕೇ ಅವಳು ಮುಂದಿನ ಸಲವೂ ಚಾಪೆ ಸುತ್ತಿಕೊಂಡು ಹೊರಡುತ್ತಿದ್ದಳು.

ದೀಪಾವಳಿಗೆ ಬಂದಾಗ ಪುಸ್ತಕ ತಗೊಂಡು ಹೋಗು. ಅಂಚಿನ ಪೆನ್ಸಿಲ್ ಗೀಚು ನನ್ನದು, ಎಣ್ಣೆ ಕಲೆ ನಿಮ್ಮಮ್ಮನದು.

ನಿನ್ನ ಅಪ್ಪ